ಶಿರಸಿ ಸೀಮೆಯ ಸಮುದಾಯ ಬಾನುಲಿಯಲ್ಲಿ ಸ್ವಯಂಸೇವೆ: ಕೊಟ್ಟ ಸಮಯಕ್ಕೆ ಸಿಕ್ಕಿದ್ದೇನು?

ಶಿರಸಿ ಸೀಮೆಯ ಒಂದು ಸಮುದಾಯ ಬಾನುಲಿ ಕೇಂದ್ರದಲ್ಲಿ ಸ್ವಯಂಸೇವಕನಾಗಿ ಕೆಲಸ ಮಾಡಿದ ಅನುಭವದ ಮೇಲೆ ಈ ವಿಮರ್ಶೆಯನ್ನು ಬರೆಯುತ್ತಿದ್ದೇನೆ. ಹೊಗಳಿಕೆಯ ಜೊತೆಗೆ ಕೊರತೆಗಳನ್ನೂ ಹೇಳುವುದಿರುವುದರಿಂದ ಮತ್ತು ಅಲ್ಲಿ ದುಡಿಯುವವರೆಲ್ಲ ದಿನ ಬೆಳಗಾದರೆ ಪೇಟೆಯಲ್ಲಿ ಎದುರಾಗುವವರೇ ಆಗಿರುವುದರಿಂದ ಕೇಂದ್ರದ ಹೆಸರನ್ನು ಬಿಟ್ಟಿದ್ದೇನೆ. ನನ್ನ ಅಭಿಪ್ರಾಯವನ್ನು ಮೊದಲೇ ಹೇಳಿಬಿಡುವುದು ಒಳ್ಳೆಯದು. ರೇಡಿಯೋದಲ್ಲಿ ತಮ್ಮ ಧ್ವನಿ ಕೇಳಬೇಕು ಎಂಬ ಆಸೆಯಿಂದ ಹೋಗುವವರಿಗೆ ಅಲ್ಲಿ ಬೇಗ ಬೇಸರ ಬರುತ್ತದೆ. ಇನ್ನೊಬ್ಬರ ಮಾತನ್ನು ತಾಳ್ಮೆಯಿಂದ ಕೇಳಿ, ಧ್ವನಿಮುದ್ರಿಸಿ, ಹಸನು ಮಾಡಿ ಊರಿಗೆ ಒಪ್ಪಿಸುವ ಕೆಲಸವನ್ನು ಕಲಿಯಬೇಕೆನ್ನುವವರಿಗೆ ಅದಕ್ಕಿಂತ ಒಳ್ಳೆಯ ಜಾಗವನ್ನು ನಾನು ಘಟ್ಟದ ಮೇಲೆ ಕಂಡಿಲ್ಲ. ಆದರೆ ಹಾಗೆ ಕೂಡಿಸಿದ ಮಾತನ್ನು ಕಾಪಾಡಿಕೊಳ್ಳುವ ವಿಷಯದಲ್ಲಿ ಕೇಂದ್ರ ತೋರಿಸುವ ಉದಾಸೀನ ನನಗೆ ಕೊನೆಯವರೆಗೂ ಅರಗಲಿಲ್ಲ.

ಸಮುದಾಯ ಬಾನುಲಿ ಎಂದರೆ ಆಕಾಶವಾಣಿಯ ಚಿಕ್ಕ ಶಾಖೆ ಎಂದೇ ನಮ್ಮಲ್ಲಿ ಹಲವರು ತಿಳಿದಿದ್ದಾರೆ. ನಮ್ಮ ಜಿಲ್ಲೆಗೆ ಬಹುಕಾಲ ರೇಡಿಯೋ ಎಂದರೆ ಧಾರವಾಡ ಕೇಂದ್ರ, ಆಮೇಲೆ ಕಾರವಾರ ಆಕಾಶವಾಣಿಯ 102.3 ಎಫ್‌ಎಂ ಆಗಿದ್ದರಿಂದ ಈ ತಪ್ಪು ತಿಳಿವಳಿಕೆ ಸಹಜವೇ. ಆದರೆ ಸಮುದಾಯ ಬಾನುಲಿಯನ್ನು ನಡೆಸುವುದು ಆಕಾಶವಾಣಿಯಲ್ಲ, ಪರವಾನಗಿ ಪಡೆದ ವಿದ್ಯಾಸಂಸ್ಥೆ, ಸ್ವಯಂಸೇವಾ ಸಂಸ್ಥೆಗಳಂಥವು. ಬಾನಿನ ತರಂಗಗಳು ಸಾರ್ವಜನಿಕ ಸ್ವತ್ತು, ಅವು ಸರಕಾರದ ಏಕಸ್ವಾಮ್ಯವಾಗಬಾರದು ಎಂದು ಸುಪ್ರೀಂ ಕೋರ್ಟ್ 1995ರಲ್ಲಿ ತೀರ್ಪು ಕೊಟ್ಟಿತು. ಕೇಂದ್ರ ಸರಕಾರ 2002ರಲ್ಲಿ ವಿದ್ಯಾಸಂಸ್ಥೆಗಳಿಗೆ ಮಾತ್ರ ಬಾಗಿಲು ತೆರೆಯಿತು. ಚೆನ್ನೈನ ಅಣ್ಣಾ ವಿಶ್ವವಿದ್ಯಾಲಯದ ಕೇಂದ್ರ 2004ರಲ್ಲಿ ಶುರುವಾದದ್ದು ಹಾಗೆ. ಸ್ವಯಂಸೇವಾ ಸಂಸ್ಥೆಗಳಿಗೂ ಕೃಷಿ ವಿಜ್ಞಾನ ಕೇಂದ್ರಗಳಿಗೂ ಅವಕಾಶ ದೊರೆತದ್ದು 2006ರ ನೀತಿಯಿಂದ. ತೆಲಂಗಾಣದ ಪಸ್ತಾಪುರದಲ್ಲಿ ದಲಿತ ಹೆಣ್ಣುಮಕ್ಕಳು ನಡೆಸುವ ಸಂಘಂ ರೇಡಿಯೋ 2008ರಲ್ಲಿ ಪ್ರಸಾರ ಆರಂಭಿಸಿತು. ಅದಕ್ಕೂ ಮೊದಲೇ, ಪರವಾನಗಿ ಸಿಗದ ಕಾಲದಲ್ಲಿ, ಕೋಲಾರ ಜಿಲ್ಲೆಯ ಬೂದಿಕೋಟೆಯವರು ತಮ್ಮ 'ನಮ್ಮ ಧ್ವನಿ'ಯನ್ನು ಕೇಬಲ್ ತಂತಿಯ ಮೂಲಕವೇ ಮನೆಮನೆಗೆ ಮುಟ್ಟಿಸಿದ್ದರು ಎಂಬುದು ಕನ್ನಡಿಗರಾದ ನಮಗೆ ಹೆಮ್ಮೆಯ ಸಂಗತಿ. ಇಂಥ ಕೇಂದ್ರಗಳು ಅರ್ಧದಷ್ಟಾದರೂ ಕಾರ್ಯಕ್ರಮವನ್ನು ತಮ್ಮ ಊರಿನಲ್ಲೇ ತಯಾರಿಸಬೇಕೆಂಬ ನಿಯಮವಿದೆ. ದಿನಕ್ಕೆ ಹಲವು ತಾಸು ನಡೆಯುವ ಪ್ರಸಾರದ ಅರ್ಧ ಭಾಗವನ್ನು ಬೆರಳೆಣಿಕೆಯ ಸಂಬಳದವರು ತುಂಬಿಸಲಾರರು. ಸ್ವಯಂಸೇವಕರಿಗೆ ಬೇಡಿಕೆ ಬರುವುದು ಇಲ್ಲಿಂದಲೇ.

ಸೇರುವುದು ಸುಲಭ. ಒಂದು ಅರ್ಜಿ, ಆಧಾರ್ ಪ್ರತಿ, ಎರಡು ಭಾವಚಿತ್ರ, ಇಷ್ಟೇ. ನನ್ನ ತಂಡದಲ್ಲಿ ಕಾಲೇಜು ಹುಡುಗಿಯರಿದ್ದರು, ಯಕ್ಷಗಾನದ ಹವ್ಯಾಸಿ ಭಾಗವತರೊಬ್ಬರಿದ್ದರು, ಆಶಾ ಕಾರ್ಯಕರ್ತೆಯೊಬ್ಬರಿದ್ದರು, ನಿವೃತ್ತ ಶಾಲಾ ಮಾಸ್ತರನಾದ ನಾನಿದ್ದೆ. ವಯಸ್ಸನ್ನಾಗಲಿ ಜಾತಿಯನ್ನಾಗಲಿ ಓದನ್ನಾಗಲಿ ಯಾರೂ ಕೇಳಲಿಲ್ಲ. ವಾರದಲ್ಲಿ ಎಷ್ಟು ಹೊತ್ತು ಬರುತ್ತೀರಿ, ಬೈಕ್ ಇದೆಯೇ, ಯಾವ ಯಾವ ಭಾಷೆ ಬರುತ್ತದೆ ಎಂದಷ್ಟೇ ವಿಚಾರಿಸಿದರು. ಕೊಂಕಣಿ ಬಲ್ಲವರಿಗೆ ವಿಶೇಷ ಮರ್ಯಾದೆ ಸಿಗುತ್ತದೆ.

ತರಬೇತಿಯ ಬಗ್ಗೆ ಸ್ವಲ್ಪ ವಿವರವಾಗಿ ಹೇಳಬೇಕು; ಈ ಕೇಂದ್ರದ ನಿಜವಾದ ಬಂಡವಾಳ ಇರುವುದು ಅಲ್ಲಿ. ಮೊದಲ ಪಾಠದಲ್ಲಿ ಯಾರನ್ನೂ ಮೈಕಿನ ಮುಂದೆ ಕೂರಿಸುವುದಿಲ್ಲ. ಹೆಡ್‌ಫೋನ್ ಕಿವಿಗೇರಿಸಿ, ಕೈಯಲ್ಲಿ ರೆಕಾರ್ಡರ್ ಕೊಟ್ಟು, ಹೊರಗೆ ಅಂಗಳಕ್ಕೆ ಕಳಿಸುತ್ತಾರೆ. ದಿನವೂ ಕಿವಿಗೆ ಬೀಳುತ್ತಿದ್ದರೂ ಗಮನಕ್ಕೆ ಬಾರದ ಸದ್ದುಗಳೆಲ್ಲ ಆಗ ಒಂದರ ಮೇಲೊಂದು ಏರಿ ಬರುತ್ತವೆ: ಪಕ್ಕದ ಹಿಟ್ಟಿನ ಗಿರಣಿಯ ಬೆಲ್ಟ್, ಜೀರುಂಡೆ, ಏರಿನಲ್ಲಿ ಗೇರ್ ಬದಲಿಸುವ ಬಸ್ಸು, ತಗಡಿನ ಮಾಡಿನ ಮೇಲೆ ಉದುರುವ ಎಲೆ. ಮನುಷ್ಯನ ಕಿವಿ ಬೇಕಾದ್ದನ್ನು ಆರಿಸಿಕೊಳ್ಳುತ್ತದೆ, ಮೈಕ್ ಎಲ್ಲವನ್ನೂ ಸಮನಾಗಿ ತೆಗೆದುಕೊಳ್ಳುತ್ತದೆ ಎಂಬುದನ್ನು ನಮ್ಮ ತರಬೇತುದಾರರು ಬಾಯಿಮಾತಿನಲ್ಲಿ ಹೇಳದೆ ಹೀಗೆ ತೋರಿಸಿಕೊಟ್ಟರು.

ಆಮೇಲೆ ಮೈಕಿನ ಪಾಠ. ಬಾಯಿಂದ ಒಂದು ಗೇಣು ದೂರ, ನೇರ ಎದುರಿಗಿಡದೆ ತುಸು ಓರೆಯಾಗಿ. ಪ, ಫ, ಬ, ಭ ಈ ಅಕ್ಷರಗಳನ್ನು ಹೇಳುವಾಗ ತುಟಿಯಿಂದ ಹೊರಡುವ ಗಾಳಿ ಮೈಕಿನ ಪರದೆಗೆ ನೇರವಾಗಿ ಬಡಿದರೆ 'ಧಪ್' ಎಂಬ ಸದ್ದು ಬರುತ್ತದೆ, ಅದನ್ನು ಆಮೇಲೆ ತೆಗೆಯುವುದು ಕಷ್ಟ. 'ಭತ್ತದ ಬೆಳೆಗೆ ಬೆಂಕಿರೋಗ ಬಂದಾಗ' ಎಂಬ ವಾಕ್ಯವನ್ನು ಎಲ್ಲರಿಂದಲೂ ಮತ್ತೆ ಮತ್ತೆ ಹೇಳಿಸಿ, ಹೇಳಿದ್ದನ್ನು ಅಲ್ಲೇ ಕೇಳಿಸುತ್ತಿದ್ದರು. ಮಹಾಪ್ರಾಣವನ್ನು ಎದೆಯಿಂದ ಒತ್ತಿ ಹೇಳುವ ಅಭ್ಯಾಸವಿದ್ದ ಭಾಗವತರಿಗೆ ಇದು ಎಲ್ಲರಿಗಿಂತ ಕಷ್ಟವಾಯಿತು; ತಾವು ಹಾಡಿದ ಪದ್ಯ ಚಂದ, ಆಡಿದ ಮಾತು ಗುಡುಗು ಎಂದು ಅವರೇ ನಗುತ್ತಿದ್ದರು.

ಕಂಪ್ಯೂಟರಿನಲ್ಲಿ ಧ್ವನಿ ಕತ್ತರಿಸಿ ಜೋಡಿಸಲು ಅಲ್ಲಿ ಬಳಸುವುದು ಆಡಾಸಿಟಿ ಎಂಬ ತಂತ್ರಾಂಶ. ಅದು ಉಚಿತ, ಮನೆಯ ಹಳೆಯ ಲ್ಯಾಪ್‌ಟಾಪಿನಲ್ಲೂ ಓಡುತ್ತದೆ. ಪ್ರತಿ ಸಂದರ್ಶನ ಮುಗಿದ ಮೇಲೆ ಯಾರೂ ಮಾತಾಡದೆ ಆ ಜಾಗದ ಬರಿ ಮೌನವನ್ನು ಸ್ವಲ್ಪ ಹೊತ್ತು ಧ್ವನಿಮುದ್ರಿಸಿಕೊಳ್ಳಬೇಕೆಂದು ಕಡ್ಡಾಯ ಮಾಡಿದ್ದಾರೆ. ಮಾತಿನ ನಡುವೆ ಕತ್ತರಿಸಿದ ಕಡೆ ಆ ಮೌನವನ್ನು ತುಂಬಿದರೆ ಹೊಲಿಗೆ ಕಾಣುವುದಿಲ್ಲ. ಗದ್ದಲ ತಗ್ಗಿಸಬೇಕಾದಾಗ ಇದು ಗದ್ದಲ, ಇದನ್ನು ಕಳೆ ಎಂದು ತಂತ್ರಾಂಶಕ್ಕೆ ತೋರಿಸಲೂ ಅದೇ ಮಾದರಿ ಬೇಕು. ಕಳೆಯುವ ಉತ್ಸಾಹ ಹೆಚ್ಚಾದರೆ ಮನುಷ್ಯರ ದನಿ ನೀರೊಳಗಿಂದ ಬಂದಂತೆ ಕೇಳುತ್ತದೆ. ಕೇಂದ್ರದ ಪ್ರಸಾರದಲ್ಲಿ ಅಂಥ ಗುಳುಗುಳು ದನಿಯ ಕಾರ್ಯಕ್ರಮಗಳು ಈಗಲೂ ಆಗಾಗ ಬರುತ್ತವೆ, ಅಂದರೆ ಕಲಿಸಿದ್ದನ್ನು ಎಲ್ಲರೂ ಕಲಿತಿಲ್ಲ.

ಹೊರಗಿನ ಧ್ವನಿಮುದ್ರಣಕ್ಕೆ ಹೋಗುವುದೇ ಸ್ವಯಂಸೇವಕನ ಮುಖ್ಯ ಕೆಲಸ, ನನಗೆ ಅತ್ಯಂತ ತೃಪ್ತಿ ಕೊಟ್ಟದ್ದೂ ಅದೇ. ಮಳೆಗಾಲದ ಎದುರಿಗೆ ಅಡಿಕೆಯ ಕೊಳೆರೋಗದ ಬಗ್ಗೆ ಒಂದು ಮಾಲಿಕೆ ಮಾಡುವುದೆಂದು ನಿಶ್ಚಯವಾಗಿ, ಬೆಳೆಗಾರರ ಜೊತೆಗೆ, ಮರ ಹತ್ತಿ ಕೊನೆ (ಅಡಿಕೆ ಗೊನೆ) ಕೊಯ್ಯುವ ಕೊನೆಗೌಡರೊಬ್ಬರನ್ನೂ ಮಾತಾಡಿಸಲು ನನ್ನನ್ನು ಕಳಿಸಿದರು. ಕೊಳೆಯ ಬಗ್ಗೆ ಮಾತಾಡುವವರು ಸಾಮಾನ್ಯವಾಗಿ ಅಧಿಕಾರಿಗಳು, ತಪ್ಪಿದರೆ ತೋಟದ ಯಜಮಾನರು. ಮರದ ತುದಿಯಲ್ಲಿ ಜೀವ ಹಿಡಿದುಕೊಂಡು ಕೊನೆಗೆ ಔಷಧ ಹೊಡೆಯುವವನನ್ನು ಯಾರೂ ಕೇಳುವುದಿಲ್ಲ. ಆ ಕೊನೆಗೌಡರು ಮೊದಲು ರೆಕಾರ್ಡರ್ ನೋಡಿ, "ಅದನ್ನ ಬಂದ್ ಮಾಡಿ ಮಾಸ್ತರ್ರೆ, ಚಾ ಕುಡದು ಆಮೇಲೆ ಮಾತಾಡನ" ಎಂದರು. ಚಹಾ ಮುಗಿದ ಮೇಲೆ ಆಡಿದ ಮಾತಿಗೆ ಬೆಲೆ ಕಟ್ಟುವಂತಿಲ್ಲ: ನೆನೆದ ಮರದ ಪಾಚಿಯ ಮೇಲೆ ಕಾಲು ಎಲ್ಲಿ ಜಾರುತ್ತದೆ, ಗಾಳಿ ಬಂದಾಗ ಒಂದು ಮರದಿಂದ ಇನ್ನೊಂದಕ್ಕೆ ದಾಟುವುದನ್ನು ಯಾವಾಗ ಬಿಡಬೇಕು, ಕೊನೆಯ ಯಾವ ಮಗ್ಗುಲಿಗೆ ಔಷಧ ತಲುಪದೆ ಉಳಿದು ಕೊಳೆ ಅಲ್ಲಿಂದಲೇ ಹಬ್ಬುತ್ತದೆ. ನೆಲದಲ್ಲೇ ನಿಂತು ಕೆಲಸ ಮಾಡುವ ಉದ್ದ ಗಳುವಾದ ದೋಟಿ ಬಂದ ಮೇಲೆ ಮರ ಹತ್ತುವವರು ಕಡಿಮೆಯಾಗಿದ್ದಾರೆ ಎಂಬುದನ್ನು ಅವರು ದುಃಖವಿಲ್ಲದೆ ಹೇಳಿದರು. ತಮ್ಮ ಮಗ ಹತ್ತುವುದು ಬೇಡ ಎಂದೇ ಅವರ ಇಚ್ಛೆ.

ಈ ಮಾಲಿಕೆಯಲ್ಲಿ ಕೇಂದ್ರ ನಡೆದುಕೊಂಡ ರೀತಿ ನನಗೆ ಮೆಚ್ಚುಗೆಯಾಯಿತು. ಹಿರಿಯ ಬೆಳೆಗಾರರೊಬ್ಬರು ಕೊಳೆಗೆ ಹೊಡೆಯುವ ಬೋರ್ಡೋ ದ್ರಾವಣಕ್ಕೆ ಸುಣ್ಣವನ್ನು ಕಣ್ಣಂದಾಜಿನಲ್ಲಿ ಹಾಕಿದರೆ ಸಾಕು ಎಂದು ಹೇಳಿದ್ದರು. ಅದನ್ನು ಹಾಗೆಯೇ ಬಿತ್ತರಿಸಿದರೆ ಕೇಳಿದವರ ತೋಟ ಹಾಳಾದೀತು, ಕತ್ತರಿಸಿ ಎಸೆದರೆ ಹಿರಿಯರಿಗೆ ಅವಮಾನ. ಕೇಂದ್ರದವರು ಅವರ ಮಾತನ್ನು ಉಳಿಸಿಕೊಂಡು, ಅದರ ಬೆನ್ನಿಗೇ ತೋಟಗಾರಿಕೆ ತಜ್ಞರ ವಿವರಣೆಯನ್ನು ಜೋಡಿಸಿದರು. ಶೇಕಡಾ 1ರ ದ್ರಾವಣಕ್ಕೆ 100 ಲೀಟರ್ ನೀರಿಗೆ 1 ಕಿಲೋ ಮೈಲುತುತ್ತ, 1 ಕಿಲೋ ಸುಣ್ಣ; ಎರಡನ್ನೂ ಬೇರೆ ಬೇರೆ ಕರಗಿಸಿ ತುತ್ತದ ನೀರನ್ನು ಸುಣ್ಣದ ತಿಳಿಗೆ ಸುರಿಯಬೇಕು; ಕಬ್ಬಿಣದ ಪಾತ್ರೆ ಕೂಡದು; ಹೊಳೆಯುವ ಕತ್ತಿಯ ಅಲಗನ್ನು ಅದ್ದಿ ನೋಡಿದಾಗ ಕೆಂಪು ಲೇಪ ಹತ್ತಿದರೆ ಸುಣ್ಣ ಸಾಲದು ಎಂದರ್ಥ; ಮೊದಲ ಸಿಂಪಡಣೆ ಮುಂಗಾರು ಹಿಡಿಯುವ ಮೊದಲು, ಎರಡನೆಯದು 40–45 ದಿನಗಳ ಮೇಲೆ. ಈ ವಿವರ ಕೇಳಿದ ಆ ಹಿರಿಯರೇ ಕೇಂದ್ರಕ್ಕೆ ಫೋನ್ ಮಾಡಿ, ಕತ್ತಿಯ ಪರೀಕ್ಷೆ ನಮ್ಮ ಅಪ್ಪನ ಕಾಲದ್ದೇ, ನಾನು ಹೇಳಲು ಮರೆತದ್ದು ಎಂದರಂತೆ.

ಭಾಷೆಯ ವಿಷಯದಲ್ಲೂ ಕೇಂದ್ರದ ನಿಲುವು ಸರಿಯಾಗಿದೆ. ಹವ್ಯಕರ ಮಾತು, ಕೊಂಕಣಿ, ಘಟ್ಟದ ಕೆಳಗಿನ ಹಾಲಕ್ಕಿ ಒಕ್ಕಲಿಗರ ಕನ್ನಡ, ಯಲ್ಲಾಪುರ ಕಡೆಯ ಸಿದ್ದಿಗಳ ಮಾತು, ಯಾವುದನ್ನೂ ತಿದ್ದುವುದಿಲ್ಲ. ಹೇಗೆ ಆಡಿದರೋ ಹಾಗೆ ಗಾಳಿಗೆ ಬಿಡುತ್ತಾರೆ. ಹೀಗಿರುವಾಗ ಅದೇ ಕೇಂದ್ರದ ಉದ್ಘೋಷಕರು ಮಾತ್ರ ಬೆಂಗಳೂರಿನ ಖಾಸಗಿ ಎಫ್‌ಎಂನವರಂತೆ ಉಸಿರು ಬಿಡದೆ, ಕಾರಣವಿಲ್ಲದೆ ನಗುತ್ತ ಮಾತಾಡುವುದೇಕೆ ಎಂಬುದು ನನಗೆ ತಿಳಿಯದು. ಅಡಿಕೆಯ ಧಾರಣೆಯನ್ನು ಓದುವಾಗಲೂ ಅದೇ ಧಾಟಿ. ರಾಶಿ, ಚಾಲಿ, ಬೆಟ್ಟೆ, ಕೆಂಪುಗೋಟು, ಬಿಳೆಗೋಟು ಎಂದು ಅಡಿಕೆಯ ಬಗೆಗಳ ಪಟ್ಟಿಯನ್ನು ಓಡಿಸಿಬಿಟ್ಟರೆ ಪೆನ್ಸಿಲ್ ಹಿಡಿದು ಕೂತ ಬೆಳೆಗಾರ ಯಾವ ದರವನ್ನು ಯಾವುದರ ಮುಂದೆ ಬರೆದುಕೊಳ್ಳಬೇಕು? ಇದನ್ನು ಸಭೆಯಲ್ಲಿ ಎತ್ತಿದಾಗ, ಹುಡುಗರಿಗೆ ಹೀಗೆ ಇಷ್ಟ ಎಂಬ ಉತ್ತರ ಬಂತು. ಹುಡುಗರು ರೇಡಿಯೋದಲ್ಲಿ ಧಾರಣೆ ಕೇಳುತ್ತಾರೆಂದು ನನಗೇನೂ ನಂಬಿಕೆಯಿಲ್ಲ.

ಈಗ ದೊಡ್ಡ ಆಕ್ಷೇಪಕ್ಕೆ ಬರುತ್ತೇನೆ. ಪ್ರಸಾರವಾದ ಕಾರ್ಯಕ್ರಮಗಳನ್ನು ಮೂರು ತಿಂಗಳು ಇಟ್ಟುಕೊಂಡಿರಬೇಕು ಎಂಬುದು ಸರಕಾರದ ಷರತ್ತು. ಯಾರಾದರೂ ದೂರು ಕೊಟ್ಟರೆ ಪರಿಶೀಲಿಸಲು ಇರಲಿ ಎಂಬುದು ಅದರ ಉದ್ದೇಶವೇ ಹೊರತು, ಮೂರು ತಿಂಗಳಾದ ಮೇಲೆ ಅಳಿಸಿಹಾಕಿ ಎಂದು ಅದರರ್ಥವಾಗದು. ನಮ್ಮ ಕೇಂದ್ರದಲ್ಲಿ ಆಗುವುದು ಮಾತ್ರ ಅಳಿಸುವುದೇ. ಹಾರ್ಡ್ ಡಿಸ್ಕ್ ತುಂಬಿತು ಎಂದಾಗ ಹಳೆಯದನ್ನು ತೆಗೆದು ಜಾಗ ಮಾಡುತ್ತಾರೆ. ಯಾವುದನ್ನು ಉಳಿಸಬೇಕು ಎಂದು ನೋಡುವವರಿಲ್ಲ, ಕಡತಗಳಿಗೆ ಹಾಡಿದವರ ಹೆಸರು, ಊರು, ತಾರೀಕು ಬರೆದಿಡುವ ಪದ್ಧತಿಯೂ ಇಲ್ಲ. ಅಂಕೋಲಾ ತಾಲೂಕಿನ ಬಡಗೇರಿಯ ಸುಕ್ರಿ ಬೊಮ್ಮಗೌಡರಿಗೆ 2017ರಲ್ಲಿ ಪದ್ಮಶ್ರೀ ಬಂದದ್ದು ಹಾಲಕ್ಕಿ ಹಾಡುಗಳನ್ನು ಕಂಠದಲ್ಲಿ ಉಳಿಸಿಕೊಂಡಿದ್ದಕ್ಕೆ. 2025ರಲ್ಲಿ ಅವರು ತೀರಿಕೊಂಡಾಗ ಜಿಲ್ಲೆಯಲ್ಲಿ ಎಲ್ಲರೂ ಒಂದು ಜ್ಞಾನಭಂಡಾರ ಹೋಯಿತೆಂದು ಮರುಗಿದರು. ಪ್ರಶಸ್ತಿಯ ಕಣ್ಣಿಗೆ ಬೀಳದ ಅಂಥ ಹಾಡುಗಾರ್ತಿಯರು ಊರೂರಿನಲ್ಲಿದ್ದಾರೆ. ಅವರನ್ನು ಹುಡುಕಿ, ಕೊಟ್ಟಿಗೆಯ ಕೆಲಸ ಮುಗಿಯುವ ತನಕ ಕಾದು, ನಾಚಿಕೆ ಬಿಡಿಸಿ ಹಾಡಿಸಿಕೊಂಡು ಬರುವವರು ಸ್ವಯಂಸೇವಕರು. ಹಾಗೆ ತಂದ ಹಾಡನ್ನು ಒಮ್ಮೆ ಪ್ರಸಾರ ಮಾಡಿ ಅಳಿಸುವ ಕೇಂದ್ರಕ್ಕೆ ಹಣದ ಕೊರತೆಯ ನೆಪ ಹೇಳುವ ಹಕ್ಕಿಲ್ಲ. ಎರಡು ಟೆರಾಬೈಟಿನ ಹೊರ ಡಿಸ್ಕ್ ಒಂದು ಚೀಲ ಅಡಿಕೆಯ ಬೆಲೆಗಿಂತ ಬಹಳ ಕಡಿಮೆ. ಹಾಡಿದವರ ಒಪ್ಪಿಗೆಯನ್ನು ಬರಹದಲ್ಲಿ ಪಡೆಯುವ ನಮೂನೆಯೂ ಅಲ್ಲಿಲ್ಲ, ಬಾಯಿಮಾತಿನಲ್ಲಿ ಹೂಂ ಎಂದರೆ ಸಾಕು ಎನ್ನುತ್ತಾರೆ. ನಾಳೆ ಯಾರೋ ಆ ಹಾಡಿಗೆ ವಾದ್ಯ ಸೇರಿಸಿ ಯೂಟ್ಯೂಬಿನಲ್ಲಿ ಹಾಕಿದರೆ ಆ ಅಜ್ಜಿಯ ಪರವಾಗಿ ತೋರಿಸಲು ಕೇಂದ್ರದ ಬಳಿ ಒಂದು ಕಾಗದವೂ ಇರುವುದಿಲ್ಲ.

ಇಷ್ಟೆಲ್ಲ ಮಾಡಿದ ಕಾರ್ಯಕ್ರಮ ಯಾರಿಗೆ ಕೇಳುತ್ತದೆ? ಸಮುದಾಯ ಬಾನುಲಿಗೆ ಅನುಮತಿಯಿರುವ ಪ್ರಸಾರ ಶಕ್ತಿ 100 ವ್ಯಾಟ್, ಗೋಪುರದ ಎತ್ತರ ನೆಲದಿಂದ 30 ಮೀಟರ್. ಎಫ್‌ಎಂ ಅಲೆಗಳು ಹೆಚ್ಚುಕಡಿಮೆ ನೇರ ದೃಷ್ಟಿಯಲ್ಲಿ ಸಾಗುತ್ತವೆ, ಗುಡ್ಡ ಅಡ್ಡ ಬಂದರೆ ಅದರ ಹಿಂದೆ ನೆರಳು. ಬಯಲು ನಾಡಿನಲ್ಲಿ ಹತ್ತು ಹದಿನೈದು ಕಿಲೋಮೀಟರ್ ಮುಟ್ಟುವ ಪ್ರಸಾರ ನಮ್ಮಲ್ಲಿ ಬನವಾಸಿಯ ದಿಕ್ಕಿಗೆ ಚೆನ್ನಾಗಿ ಸಾಗಿ, ದೇವಿಮನೆ ಘಟ್ಟದ ದಿಕ್ಕಿಗೆ ಎರಡು ತಿರುವು ಕಳೆಯುವಷ್ಟರಲ್ಲಿ ಕರಗಿಹೋಗುತ್ತದೆ. ತೋಟಗಳಿರುವುದು ಕಣಿವೆಯಲ್ಲಿ, ಮನೆಗಳೂ ತೋಟದ ತಲೆಯಲ್ಲೇ. ಆದ್ದರಿಂದ ಯಾರಿಗಾಗಿ ಕೊಳೆರೋಗದ ಮಾಲಿಕೆ ಮಾಡಿದೆವೋ ಅವರಲ್ಲಿ ಹಲವರಿಗೆ ಅದು ಸಿಕ್ಕಿದ್ದು ವಾಟ್ಸಾಪಿನ ತುಣುಕಾಗಿ. ಅದರ ಮೇಲೆ ಈಗಿನ ಎಷ್ಟೋ ಮೊಬೈಲುಗಳಲ್ಲಿ ಎಫ್‌ಎಂ ಇಲ್ಲ, ಇದ್ದವಕ್ಕೂ ಇಯರ್‌ಫೋನಿನ ತಂತಿಯೇ ಆಂಟೆನಾ ಆಗಬೇಕು. ಇದರಲ್ಲಿ ಕೇಂದ್ರದ ತಪ್ಪಿಲ್ಲ, ನಮ್ಮ ನೆಲವೇ ಹಾಗಿದೆ. ಆದರೆ ಯಾವ ಊರಿಗೆ ಕೇಳುತ್ತದೆ, ಯಾವ ಊರಿಗಿಲ್ಲ ಎಂಬ ಒಂದು ನಕ್ಷೆಯನ್ನಾದರೂ ಮಾಡಬಹುದಿತ್ತು. ಸ್ವಯಂಸೇವಕರು ದಿನವೂ ಊರೂರು ಸುತ್ತುತ್ತಿರುತ್ತಾರೆ, ಚೀಲದಲ್ಲಿ ಒಂದು ಚಿಕ್ಕ ರೇಡಿಯೋ ಇಟ್ಟುಕೊಂಡು ಹೋಗಿ ಎಂದರೆ ಸಾಕಿತ್ತು.

ವಿದ್ಯುತ್ತೂ ಮೊಬೈಲ್ ಜಾಲವೂ ಕೈಕೊಡುವ ಆಷಾಢದ ದಿನಗಳಲ್ಲಿ ಮಾತ್ರ ಕೇಂದ್ರದ ಬೆಲೆ ತಿಳಿಯುತ್ತದೆ. ಸ್ವಂತ ಸುದ್ದಿ ತಯಾರಿಸಿ ಬಿತ್ತರಿಸಲು ಸಮುದಾಯ ಬಾನುಲಿಗೆ ಅವಕಾಶವಿಲ್ಲ, ಆಕಾಶವಾಣಿಯ ಸುದ್ದಿಯನ್ನಷ್ಟೇ ಬಳಸಬಹುದು. ಆದರೆ ಹವಾಮಾನ, ನೈಸರ್ಗಿಕ ವಿಕೋಪ, ನೀರು ವಿದ್ಯುತ್ತಿನ ವ್ಯತ್ಯಯ ಇಂಥ ಸ್ಥಳೀಯ ಮಾಹಿತಿಗೆ ಅಡ್ಡಿಯಿಲ್ಲ. 2024ರ ಜುಲೈ 16ರಂದು ಅಂಕೋಲಾದ ಶಿರೂರಿನಲ್ಲಿ ಗುಡ್ಡ ಕುಸಿದು ರಾಷ್ಟ್ರೀಯ ಹೆದ್ದಾರಿ 66 ಮುಚ್ಚಿಹೋದ ಮೇಲೆ ಘಟ್ಟದ ರಸ್ತೆಗಳ ಸ್ಥಿತಿಯನ್ನು ಎಲ್ಲರೂ ಆತಂಕದಿಂದ ಕೇಳುವಂತಾಗಿದೆ. ಜಿಲ್ಲಾಡಳಿತದ ಸೂಚನೆ ಬಂದ ಕೂಡಲೇ ಓದುವ, ಖಚಿತವಾಗದ ವಾಟ್ಸಾಪ್ ಸುದ್ದಿಯನ್ನು ಎಷ್ಟೇ ಒತ್ತಾಯ ಬಂದರೂ ಓದದ ಶಿಸ್ತನ್ನು ಕೇಂದ್ರ ಪಾಲಿಸುತ್ತದೆ. ಇನ್ವರ್ಟರ್ ಬ್ಯಾಟರಿ ಹಳತಾಗಿರುವುದರಿಂದ ಆ ಶಿಸ್ತಿಗೂ ಕೆಲವು ತಾಸಿನ ಆಯುಷ್ಯವಷ್ಟೇ ಇದೆ.

ಸ್ವಯಂಸೇವಕರನ್ನು ನಡೆಸಿಕೊಳ್ಳುವ ಬಗೆ ಮಿಶ್ರ. ಚಹಾ, ಅವಲಕ್ಕಿ, ಪ್ರೀತಿ ಇವುಗಳಿಗೆ ಕೊರತೆಯಿಲ್ಲ. ಪೆಟ್ರೋಲ್ ಖರ್ಚು ಸಿಗುವುದಿಲ್ಲ, ಕೇಳಿದರೆ ಮುಂದಿನ ತಿಂಗಳು ನೋಡೋಣ ಎನ್ನುತ್ತಾರೆ. ಹೊರಗೆ ಒಯ್ಯಬಹುದಾದ ಒಳ್ಳೆಯ ರೆಕಾರ್ಡರ್ ಒಂದೇ ಇರುವುದರಿಂದ ಸರದಿ ಕಾಯಬೇಕು. ಸರದಿ ಬರುವಷ್ಟರಲ್ಲಿ ಮಾತು ಕೊಟ್ಟ ಅಜ್ಜ ಮಗಳ ಮನೆಗೆ ಹೊಸನಗರಕ್ಕೆ ಹೋಗಿರುತ್ತಾನೆ. ಇದಕ್ಕಿಂತ ನೋವಾಗುವುದು, ಪ್ರಾಯೋಜಿತ ಕಾರ್ಯಕ್ರಮ ಬಂತೆಂದು ನಮ್ಮ ಕಾರ್ಯಕ್ರಮವನ್ನು ಹೇಳದೆ ಕೇಳದೆ ಮುಂದೂಡಿದಾಗ. ಇಂತಿಷ್ಟು ಹೊತ್ತಿಗೆ ನಿಮ್ಮ ಮಾತು ಬರುತ್ತದೆ ಎಂದು ನಾವು ಊರಿಗೆಲ್ಲ ಹೇಳಿರುತ್ತೇವೆ, ಮನೆಮಂದಿಯೆಲ್ಲ ರೇಡಿಯೋದ ಸುತ್ತ ಕೂತಿರುತ್ತಾರೆ, ಬರುವುದು ಯಾವುದೋ ಇಲಾಖೆಯ ಯೋಜನೆಯ ಪ್ರಕಟಣೆ. ಕೇಂದ್ರದ ಹಣದ ಕಷ್ಟ ನನಗೆ ಅರ್ಥವಾಗುತ್ತದೆ. ಗಂಟೆಗೆ 7 ನಿಮಿಷವಿದ್ದ ಜಾಹೀರಾತಿನ ಮಿತಿ 2024ರ ಪರಿಷ್ಕೃತ ಮಾರ್ಗಸೂಚಿಯಲ್ಲಿ 12 ನಿಮಿಷಕ್ಕೆ ಏರಿದೆ, 10 ಸೆಕೆಂಡಿನ ದರ 52 ರೂಪಾಯಿಯಿಂದ 74 ರೂಪಾಯಿಯಾಗಿದೆ. ಆದರೆ ಜಾಹೀರಾತು ಕೊಡುವ ಅಂಗಡಿಗಳು ಬೇಕಲ್ಲ. ಹಾಗಿದ್ದರೂ ಒಂದು ಫೋನ್ ಮಾಡಿ, ಇವತ್ತು ನಿಮ್ಮದು ಬರುವುದಿಲ್ಲ ಎಂದು ತಿಳಿಸಲು ಹಣ ಬೇಕಾಗಿಲ್ಲ. ಸಂಜೆಯ ಪಾಳಿಗೆ ಬರುವ ಹೆಣ್ಣುಮಕ್ಕಳಿಗೆ ಕೊನೆಯ ಬಸ್ಸಿನ ವೇಳೆಗೆ ಬಿಡುವ ಏರ್ಪಾಟನ್ನು ಮಾತ್ರ ಕಟ್ಟುನಿಟ್ಟಾಗಿ ನಡೆಸುತ್ತಾರೆ, ಅದಕ್ಕೆ ಪೂರ್ಣ ಅಂಕ ಕೊಡಬೇಕು.

ಒಟ್ಟು ಐದರಲ್ಲಿ ಮೂರೂವರೆ ಕೊಡುತ್ತೇನೆ. ತರಬೇತಿಗೆ ಐದು, ಸಂಗ್ರಹಕ್ಕೆ ಸೊನ್ನೆ ಎಂದು ಬಿಡಿಸಿ ಬರೆದರೆ ಇನ್ನೂ ನ್ಯಾಯವಾದೀತು. ಸೇರುವ ಮನಸ್ಸಿದ್ದವರು ಮೇ ತಿಂಗಳಿನ ತರಬೇತಿಗೇ ಹೋಗುವುದು ಒಳ್ಳೆಯದು. ಮಳೆ ಹಿಡಿದ ಮೇಲೆ ತಗಡಿನ ಸದ್ದಿನಲ್ಲಿ ಹೊರಗಿನ ಅಭ್ಯಾಸ ಸಾಗುವುದಿಲ್ಲ, ದೀಪಾವಳಿಯ ನಂತರ ಕೊನೆಕೊಯ್ಲಿನ ಗಡಿಬಿಡಿಯಲ್ಲಿ ಊರಿನಲ್ಲಿ ಯಾರೂ ಮಾತಿಗೆ ಸಿಗುವುದಿಲ್ಲ. ಕಿವಿಯನ್ನು ಪೂರ್ತಿ ಮುಚ್ಚುವ ಸ್ವಂತ ಹೆಡ್‌ಫೋನ್ ಒಯ್ಯಿರಿ, ಕೇಂದ್ರದವುಗಳ ಸ್ಪಂಜು ಉದುರಿದೆ. ಧ್ವನಿಮುದ್ರಿಸಿದ್ದರ ಒಂದು ಪ್ರತಿಯನ್ನು ಅದೇ ದಿನ ನಿಮ್ಮ ಪೆನ್‌ಡ್ರೈವಿಗೆ ಹಾಕಿಕೊಂಡು, ಇನ್ನೊಂದು ಪ್ರತಿಯನ್ನು ಮಾತಾಡಿದವರ ಮನೆಗೆ ಮುಟ್ಟಿಸಿ; ಕೇಂದ್ರದವರು ಇದಕ್ಕೆ ಬೇಡ ಎನ್ನುವುದಿಲ್ಲ.